ಮೊದಲ ಮೊಟ್ಟೆ ಯಾರದು?

ನಮ್ಮ ಹಿತ್ತಿಲಲ್ಲಿ ಆ ಬೆಳಗ್ಗೆ ನಡೆದದ್ದು ಊರಿಗೆ ಡಂಗುರ ಸಾರುವಂಥ ಸಂಗತಿಯೇನಲ್ಲ. ಆರು ತಿಂಗಳ ಹಿಂದೆ ತಂದ ಐದು ಊರಕೋಳಿ ಮರಿಗಳಲ್ಲಿ ಒಂದನ್ನು ಹದ್ದು ಎತ್ತಿಕೊಂಡು ಹೋಗಿತ್ತು. ಇನ್ನೊಂದನ್ನು ಮುಂಗುಸಿ ಹಿಡಿದಿತ್ತು. ಉಳಿದದ್ದು ಎರಡು ಹೇಂಟೆ, ಒಂದು ಹುಂಜ. ಹೇಂಟೆಗಳಲ್ಲಿ ಕೆಂಪು ಬಣ್ಣದ್ದು ಒಂದು ವಾರದಿಂದ ಮನೆಯೊಳಗೆಲ್ಲ ಸುತ್ತುತ್ತಿತ್ತು. ಮಂಚದಡಿ ಇಣುಕುತ್ತಿತ್ತು, ಬಟ್ಟೆಯ ಬುಟ್ಟಿಯೊಳಗೆ ಹತ್ತಿ ಕೂರುತ್ತಿತ್ತು, ಸೌದೆಯ ರಾಶಿಯ ಸಂದಿಯಲ್ಲಿ ನುಗ್ಗಿ ಕಾಲಿನಿಂದ ಕೆದಕುತ್ತಿತ್ತು. ಅದರ ತಲೆಯ ಜುಟ್ಟು ಕೆಂಪೇರಿತ್ತು. "ಅದು ಜಾಗ ಹುಡುಕ್ತಾ ಇದೆ, ಓಡಿಸಬೇಡಿ" ಎಂದು ಉಮ್ಮ ಹಳೆಯದೊಂದು ಬಿದಿರಿನ ಬುಟ್ಟಿಗೆ ಬೈಹುಲ್ಲು ಹಾಸಿ ಸೌದೆ ಕೊಟ್ಟಿಗೆಯ ಮೂಲೆಯಲ್ಲಿಟ್ಟರು.

ಮರುದಿನ ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ಕೊಟ್ಟಿಗೆಯಿಂದ ದೊಡ್ಡ ಗಲಾಟೆ ಕೇಳಿಸಿತು. ಮಗಳು ಓಡಿಹೋದವಳು ಎರಡೂ ಕೈಗಳನ್ನು ಬೊಗಸೆ ಮಾಡಿಕೊಂಡು, ಎಡವಿದರೆ ಭೂಮಿಯೇ ಒಡೆದೀತೇನೋ ಎಂಬಷ್ಟು ಎಚ್ಚರದಿಂದ ನಡೆದು ಬಂದಳು. ಬೊಗಸೆಯಲ್ಲಿ ಒಂದು ಮೊಟ್ಟೆ. ದೊಡ್ಡ ನಿಂಬೆಹಣ್ಣಿನಷ್ಟೇ ಗಾತ್ರ. ಇನ್ನೂ ಬೆಚ್ಚಗಿತ್ತು. ಮನೆಯವರೆಲ್ಲ ಕೆಲಸ ಬಿಟ್ಟು ಬಂದು ಅದನ್ನು ಸರದಿಯಂತೆ ಕೈಯಲ್ಲಿ ಹಿಡಿದು ನೋಡಿದೆವು. ಅಲ್‌ಹಮ್ದುಲಿಲ್ಲಾಹ್ ಎಂದೆವು. ಸೌದಿಯಲ್ಲಿರುವ ತಮ್ಮನಿಗೆ ಫೋಟೋ ಕಳುಹಿಸಿದೆವು. ಅವನು ಅಲ್ಲಿಂದಲೇ, "ಯಾವುದು, ಕೆಂಪಾ ಕರಿಯಾ?" ಎಂದು ಕೇಳಿದ.

ಅಂಗಡಿಯಿಂದ ಮೂವತ್ತು ಮೊಟ್ಟೆಗಳ ಟ್ರೇಯನ್ನು ನಾವು ಎಷ್ಟೋ ಸಲ ತಂದಿದ್ದೇವೆ. ಒಂದು ಮೊಟ್ಟೆಯನ್ನೂ ಹೀಗೆ ಕೈಯಲ್ಲಿ ಹಿಡಿದು ನೋಡಿದ್ದಿಲ್ಲ. ಒಂದರ ಫೋಟೋವನ್ನೂ ಯಾರಿಗೂ ಕಳುಹಿಸಿದ್ದಿಲ್ಲ. ಆರೇಳು ರೂಪಾಯಿಗೆ ಸಿಗುವ ವಸ್ತುವೊಂದು ಹಿತ್ತಿಲಿನಲ್ಲಿ ಸಿಕ್ಕಾಗ ಇಷ್ಟೊಂದು ಸಂತೋಷ ಏಕೆ? ಈ ಸಣ್ಣ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಅದು ನಮ್ಮನ್ನು ಸಾಕಷ್ಟು ದೂರ ಕರೆದೊಯ್ಯುತ್ತದೆ ಎಂದು ನಮಗೆ ಅಂದು ತಿಳಿದಿರಲಿಲ್ಲ.

*

ಉಳಿತಾಯದ ಸಂತೋಷ ಅದಲ್ಲ ಎಂಬುದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಮರಿಗಳ ಬೆಲೆ, ಗೂಡು ಮಾಡಿಸಿದ ಬಡಗಿಯ ಕೂಲಿ, ತಂತಿ ಬಲೆ, ಆರು ತಿಂಗಳ ನುಚ್ಚು ಮತ್ತು ತೌಡು ಇವನ್ನೆಲ್ಲ ಕೂಡಿಸಿದರೆ ಆ ಒಂದು ಮೊಟ್ಟೆಗೆ ಸಾವಿರಾರು ರೂಪಾಯಿ ಬಿದ್ದಿತ್ತು. ಹಾಗಾದರೆ ಅದು ದುಡಿಮೆಗೆ ಸಿಕ್ಕ ಫಲದ ಸಂತೋಷವೇ? ನಾವು ಕಾಳು ಹಾಕಿದೆವು, ಸಂಜೆ ಲೆಕ್ಕ ಹಾಕಿ ಗೂಡಿಗೆ ಸೇರಿಸಿದೆವು, ಮಳೆಗಾಲದ ರಾತ್ರಿಗಳಲ್ಲಿ ಟಾರ್ಚು ಹಿಡಿದು ಹೋಗಿ ಚಿಲಕ ನೋಡಿ ಬಂದೆವು. ಆದ್ದರಿಂದ ಮೊಟ್ಟೆ ನಮ್ಮ ಸಾಧನೆ. ಮೊದಲ ದಿನ ನಮಗೂ ಹಾಗೆಯೇ ಅನ್ನಿಸಿತ್ತು.

ಆದರೆ ಮೊಟ್ಟೆ ಹೇಗೆ ಆಗುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ ಈ ಹೆಮ್ಮೆ ನಿಲ್ಲುವುದಿಲ್ಲ. ಹಳದಿ ಲೋಳೆ ಅಂಡಾಶಯದಿಂದ ಕಳಚಿಕೊಂಡ ಮೇಲೆ ಪೂರ್ತಿ ಮೊಟ್ಟೆಯಾಗಿ ಹೊರಬರಲು ಸುಮಾರು 25 ಗಂಟೆ ಬೇಕು. ಅದರಲ್ಲಿ 20 ಗಂಟೆಯಷ್ಟು ಹೊತ್ತು ಹಿಡಿಯುವುದು ಚಿಪ್ಪು ಕಟ್ಟುವುದಕ್ಕೆ. ಈ ಚಿಪ್ಪಿನ ಬಹುಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮ ಹೊಳೆಯ ಮರುವಾಯಿ ಚಿಪ್ಪಿನಲ್ಲಿರುವುದೂ ಇದೇ ವಸ್ತು. ತಿಂದ ಆಹಾರದ ಸುಣ್ಣದಂಶ ಸಾಲದಿದ್ದಾಗ ಕೋಳಿ ರಾತ್ರಿಯ ಹೊತ್ತಿನಲ್ಲಿ ಅದನ್ನು ತನ್ನ ಮೂಳೆಯಿಂದಲೇ ತೆಗೆದು ಚಿಪ್ಪಿಗೆ ಕೊಡುತ್ತದೆ. ಆ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿರುತ್ತವೆ. ಒಳಗೆ ಮರಿ ಬೆಳೆದರೆ ಅದಕ್ಕೆ ಉಸಿರಾಡಲು ಗಾಳಿ ಬೇಕಲ್ಲ, ಅದಕ್ಕಾಗಿ ಈ ಏರ್ಪಾಡು.

ಇದರಲ್ಲಿ ನಮ್ಮ ಪಾಲು ಯಾವುದು? ಒಂದು ಹಿಡಿ ನುಚ್ಚು, ಒಂದು ಚಿಲಕ. ತನ್ನ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿದ್ದ ಅಜ್ಜಿಯ ಕತೆ ನಮಗೆಲ್ಲ ಗೊತ್ತು. ನಾವು ಸಾಕಿದ್ದರಿಂದಲೇ ಮೊಟ್ಟೆಯಾಯಿತು ಎನ್ನುವವರು ಆ ಅಜ್ಜಿಗಿಂತ ಹೆಚ್ಚು ತಿಳಿದವರೇನಲ್ಲ. ಬಿತ್ತುವವರು ನೀವೋ ಬೆಳೆಸುವವನು ನಾನೋ ಎಂಬ ಅರ್ಥದ ಪ್ರಶ್ನೆಯೊಂದನ್ನು ಕುರ್‌ಆನ್ ರೈತನ ಮುಂದಿಡುತ್ತದೆ. ಅದು ರೈತನ ಶ್ರಮವನ್ನು ಹೀಗಳೆಯುವ ಪ್ರಶ್ನೆಯಲ್ಲ. ಶ್ರಮಕ್ಕೂ ಫಲಕ್ಕೂ ನಡುವೆ ನಮ್ಮ ಕೈ ತಲುಪದ ಒಂದು ಜಾಗವಿದೆ ಎಂದು ನೆನಪಿಸುವ ಪ್ರಶ್ನೆ. ಮೊದಲ ಮೊಟ್ಟೆಯ ಸಂತೋಷ ಹುಟ್ಟುವುದು ಆ ಜಾಗದಲ್ಲಿ ಎಂದು ನಮಗೆ ತೋರುತ್ತದೆ. ಅಂಗಡಿಯಲ್ಲಿ ಹಣ ಕೊಟ್ಟ ಕ್ಷಣದಲ್ಲಿ ಲೆಕ್ಕ ಚುಕ್ತಾ ಆಗುತ್ತದೆ. ಬುಟ್ಟಿಯಲ್ಲಿ ಸಿಕ್ಕ ಮೊಟ್ಟೆಗೆ ಹಾಗೆ ಚುಕ್ತಾ ಮಾಡುವ ಬೆಲೆ ಇರಲಿಲ್ಲ. ಅದನ್ನು ನಾವು ಕೊಂಡಿರಲಿಲ್ಲ, ತಯಾರಿಸಿರಲಿಲ್ಲ, ಬಲವಂತದಿಂದ ಪಡೆಯುವಂತೆಯೂ ಇರಲಿಲ್ಲ. ಅದು ಬಂದಿತ್ತು ಅಷ್ಟೆ. ಇದನ್ನೇ ನಮ್ಮ ಹಿರಿಯರು ರಿಝ್ಕ್ ಎನ್ನುತ್ತಿದ್ದರು.

ಇನ್ನೂ ಒಂದು ಮಾತಿದೆ. ಆ ಮೊಟ್ಟೆಯ ಒಂದು ಬದಿಯಲ್ಲಿ ರಕ್ತದ ಸಣ್ಣ ಗೆರೆಯೊಂದು ಒಣಗಿ ಅಂಟಿಕೊಂಡಿತ್ತು. ಮೊದಲ ಸಲ ಇಡುವ ಹೇಂಟೆಗಳಲ್ಲಿ ಇದು ಸಾಮಾನ್ಯ, ಗಾಬರಿಪಡುವ ಅಗತ್ಯವಿಲ್ಲ. ಮಗಳಿಗೆ ಅದು ಗೊತ್ತಿರಲಿಲ್ಲ. "ಅದಕ್ಕೆ ನೋವಾಯಿತಾ?" ಎಂದು ಕೇಳಿದಳು. ಉಮ್ಮ "ಆಗಿರಬೇಕು" ಎಂದಷ್ಟೇ ಹೇಳಿ ಕೆಂಪು ಹೇಂಟೆಗೆ ಒಂದು ಹಿಡಿ ಅಕ್ಕಿ ಎಸೆದರು. ನಮ್ಮ ಸಂತೋಷಕ್ಕೆ ಬೇರೊಂದು ಜೀವ ಬೆಲೆ ತೆತ್ತಿತ್ತು. ಅಂಗಡಿಯ ಮೊಟ್ಟೆ ತೊಳೆದು ಒರೆಸಿ ಟ್ರೇಯಲ್ಲಿ ಕುಳಿತಿರುವುದರಿಂದ ಈ ಗೆರೆ ನಮ್ಮ ಕಣ್ಣಿಗೆ ಬೀಳುವುದಿಲ್ಲ.

*

ಮೊಟ್ಟೆಯನ್ನು ಏನು ಮಾಡುವುದು ಎಂಬ ಚರ್ಚೆ ಆರಂಭವಾಯಿತು. ಮಗನಿಗೆ ಆಮ್ಲೆಟ್ ಬೇಕಿತ್ತು. ಮಗಳಿಗೆ ಅದನ್ನು ಶೋಕೇಸಿನಲ್ಲಿಡಬೇಕಿತ್ತು. ಉಮ್ಮ ಇಬ್ಬರ ಮಾತನ್ನೂ ಒಪ್ಪಲಿಲ್ಲ. ಮೊದಲ ಫಲವನ್ನು ಮನೆಯವರು ತಿನ್ನುವ ಕ್ರಮವಿಲ್ಲ, ಪಕ್ಕದ ಮನೆಯ ಮಗುವಿಗೆ ಕೊಡಬೇಕು ಎಂದರು. ಬೀಡಿ ಕಟ್ಟಿ ಸಂಸಾರ ನಡೆಸುವ ಆ ತಾಯಿಯ ಮೂರು ವರ್ಷದ ಮಗನೇ ನಮ್ಮ ಓಣಿಯಲ್ಲಿ ಎಲ್ಲರಿಗಿಂತ ಚಿಕ್ಕವನು. ಬೇಯಿಸಿದ ಮೊಟ್ಟೆಯ ಬಿಳಿಯನ್ನಷ್ಟೇ ಅವನು ತಿಂದ. ಹಳದಿಯನ್ನು ತಾಯಿಯ ಸೆರಗಿಗೆ ಒರೆಸಿದ. ಮೊದಲ ಮೊಟ್ಟೆಯ ಕತೆ ಹೀಗೆ ಮುಗಿಯಿತು.

ಉಮ್ಮನ ಈ ಕ್ರಮ ಎಲ್ಲಿಂದ ಬಂದದ್ದೋ ಅವರಿಗೇ ತಿಳಿಯದು. ತಮ್ಮ ತಾಯಿ ಹಾಗೆ ಮಾಡುತ್ತಿದ್ದರು ಎನ್ನುತ್ತಾರೆ. ಆದರೆ ಅಬೂ ಹುರೈರಾ(ರ) ವರದಿ ಮಾಡಿದ, ಸಹೀಹ್ ಮುಸ್ಲಿಮ್‌ನಲ್ಲಿರುವ ಹದೀಸೊಂದು ಇದನ್ನೇ ಹೇಳುತ್ತದೆ. ಮದೀನಾದ ಜನರು ಋತುವಿನ ಮೊದಲ ಹಣ್ಣನ್ನು ಪ್ರವಾದಿ(ಸ)ರ ಬಳಿಗೆ ತರುತ್ತಿದ್ದರು. ಅವರು ಅದನ್ನು ಕೈಯಲ್ಲಿ ಹಿಡಿದು ಹಣ್ಣಿನಲ್ಲಿ, ಊರಿನಲ್ಲಿ, ಅಳತೆಯ ಪಾತ್ರೆಗಳಲ್ಲಿ ಬರಕತ್ ನೀಡುವಂತೆ ಅಲ್ಲಾಹನಲ್ಲಿ ಪ್ರಾರ್ಥಿಸುತ್ತಿದ್ದರು. ಬಳಿಕ ಅಲ್ಲಿದ್ದ ಅತ್ಯಂತ ಚಿಕ್ಕ ಮಗುವನ್ನು ಕರೆದು ಹಣ್ಣನ್ನು ಅದರ ಕೈಗಿಡುತ್ತಿದ್ದರು. ತೋಟದ ಒಡೆಯನಿಗೆ, ಗೋತ್ರದ ನಾಯಕನಿಗೆ, ಹಿರಿಯ ಸಂಗಾತಿಗೆ ಸಿಗದ ಮೊದಲ ಹಣ್ಣು ಮಗುವಿಗೆ ಸಿಗುತ್ತಿತ್ತು. ಆ ಹಣ್ಣನ್ನು ಬೆಳೆಯುವುದರಲ್ಲಿ ಯಾವ ಪಾಲೂ ಇಲ್ಲದ, ತನ್ನದೆಂದು ವಾದಿಸಲು ಯಾವ ಆಧಾರವೂ ಇಲ್ಲದ ಜೀವ ಅದು. ಫಲ ಎನ್ನುವುದು ಬೆಳೆದವನ ಹಕ್ಕಿಗಿಂತ ದೊಡ್ಡದು ಎಂದು ಇದಕ್ಕಿಂತ ಸರಳವಾಗಿ ಹೇಳಲು ಸಾಧ್ಯವೇ?

ನಮ್ಮ ನೆರೆಹೊರೆಯವರಿಗೂ ಇದು ಹೊಸ ವಿಚಾರವಲ್ಲ. ತುಳುನಾಡಿನ ಮನೆಗಳಲ್ಲಿ ಹೊಸ ಅಕ್ಕಿಯ ಊಟ ನಡೆಯುತ್ತದೆ. ಕೊಡಗಿನಲ್ಲಿ ಪುತ್ತರಿಯಂದು ಹೊಸ ಕದಿರನ್ನು ಮನೆ ತುಂಬಿಸಿಕೊಳ್ಳುತ್ತಾರೆ. ಕರಾವಳಿಯ ಕೊಂಕಣಿ ಕ್ರೈಸ್ತರು ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು ಹಂಚಿಕೊಂಡು ಉಣ್ಣುತ್ತಾರೆ. ನಂಬಿಕೆಗಳು ಬೇರೆ, ಆಚರಣೆಗಳು ಬೇರೆ. ಆದರೆ ಮೊದಲ ಫಲದ ಮುಂದೆ ಒಂದು ಕ್ಷಣ ಕೈ ತಡೆದು ನಿಲ್ಲಬೇಕು ಎಂಬ ತಿಳಿವಳಿಕೆ ಎಲ್ಲರಲ್ಲೂ ಇದೆ.

ಇದು ಹೊಟ್ಟೆ ತುಂಬಿದವರ ವೇದಾಂತ ಎಂದು ಯಾರಾದರೂ ಹೇಳಬಹುದು. ಉಮ್ಮನ ಕಾಲದಲ್ಲಿ ಈ ಮಾತಿಗೆ ಉತ್ತರವಿತ್ತು. ಅಂದು ಗದ್ದೆಯ ಹಣ, ಅಡಿಕೆಯ ಹಣ ಗಂಡಸರ ಕೈಯಲ್ಲಿರುತ್ತಿತ್ತು. ಮೊಟ್ಟೆಯ ಹಣ ಮಾತ್ರ ಹೆಂಗಸರದು. ನಾಲ್ಕು ಮೊಟ್ಟೆಗೆ ಉಪ್ಪು, ಆರು ಮೊಟ್ಟೆಗೆ ಸೀಮೆಎಣ್ಣೆ, ಮಕ್ಕಳ ಶಾಲೆಯ ಪುಸ್ತಕ, ತವರಿಗೆ ಹೋಗುವ ಬಸ್ಸಿನ ಟಿಕೆಟು ಎಲ್ಲವೂ ಆ ಬುಟ್ಟಿಯಿಂದಲೇ ಬರಬೇಕಿತ್ತು. ಕೋಳಿ ಇಲ್ಲದ ಹೆಂಗಸಿಗೆ ಒಂದು ಹೇಂಟೆಯನ್ನು ಪಾಲಿಗೆ ಕೊಡುವ ಪದ್ಧತಿಯೂ ಇತ್ತು. ಸಾಕಿದವಳಿಗೆ ಅರ್ಧ ಮರಿ, ಕೊಟ್ಟವಳಿಗೆ ಅರ್ಧ. ಒಂದು ಮೊಟ್ಟೆಗೆ ಅಷ್ಟು ಬೆಲೆಯಿದ್ದ ಆ ದಿನಗಳಲ್ಲೇ ಮೊದಲ ಮೊಟ್ಟೆ ಬೇರೆಯವರ ಮಗುವಿಗೆ ಹೋಗುತ್ತಿತ್ತು. ಈಗ ನಮಗೆ ಅದು ಸುಲಭ. ಸುಲಭವಾಗಿರುವುದರಿಂದಲೇ ಅದನ್ನು ಮರೆಯುವುದೂ ಸುಲಭ.

*

ಮರೆತೆವು ಕೂಡ. ಅದಕ್ಕೆ ಬೇಕಾದದ್ದು ಇಪ್ಪತ್ತೇ ದಿನ.

ಎರಡನೆಯ ಮೊಟ್ಟೆ ಬಂದ ದಿನವೂ ಖುಷಿಯಿತ್ತು. ಐದನೆಯದಕ್ಕೆ ಯಾರೂ ಕೆಲಸ ಬಿಟ್ಟು ಓಡಿಹೋಗಲಿಲ್ಲ. ಹತ್ತನೆಯದನ್ನು ತರಲು ಮಗಳಿಗೆ ಮೂರು ಸಲ ಹೇಳಬೇಕಾಯಿತು. ಮೂರನೆಯ ವಾರದಲ್ಲೊಂದು ದಿನ, ಮನೆಗೆ ನೆಂಟರು ಬಂದಿದ್ದಾಗ ಬುಟ್ಟಿ ಖಾಲಿಯಿತ್ತು. ಆಗ ನಮ್ಮ ಬಾಯಿಂದ ಬಂದ ಮಾತು ಇದು: "ಇವತ್ತು ಯಾಕೆ ಇಟ್ಟಿಲ್ಲ? ತಿನ್ನುವುದಕ್ಕೆ ಮಾತ್ರ ಗೊತ್ತು ಇದಕ್ಕೆ."

ಆ ಮಾತು ನಮ್ಮ ಕಿವಿಗೇ ಬಿದ್ದು ನಾಚಿಕೆಯಾಯಿತು. ಕೋಳಿಯ ತಪ್ಪೇನೂ ಇರಲಿಲ್ಲ. ಒಂದು ಮೊಟ್ಟೆಗೆ 24 ಗಂಟೆಗಿಂತ ಹೆಚ್ಚು ಬೇಕಾಗುವುದರಿಂದ ಅದು ದಿನದಿಂದ ದಿನಕ್ಕೆ ಸ್ವಲ್ಪ ತಡವಾಗಿ ಇಡುತ್ತ ಬರುತ್ತದೆ, ಕೊನೆಗೆ ಒಂದು ದಿನ ಬಿಟ್ಟುಹೋಗುತ್ತದೆ. ಇದು ಅದರ ದೇಹದ ಗಡಿಯಾರ. ನಮ್ಮ ನೆಂಟರ ಗಡಿಯಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಇಪ್ಪತ್ತು ದಿನಗಳ ಹಿಂದೆ ಅಲ್‌ಹಮ್ದುಲಿಲ್ಲಾಹ್ ಎಂದ ಅದೇ ಬಾಯಿ ಈಗ ಬಾಕಿ ಕೇಳುತ್ತಿತ್ತು. ಈ ನಡುವೆ ನಾವು ಕೋಳಿಯೊಂದಿಗೆ ಯಾವ ಕರಾರನ್ನೂ ಮಾಡಿಕೊಂಡಿರಲಿಲ್ಲ. ಕೊಡುಗೆ ಎಂಬುದು ಹಕ್ಕಾಗಿ ಬದಲಾಗಲು ಕರಾರು ಬೇಕಿಲ್ಲ. ಅದು ನಾಲ್ಕು ಸಲ ತಪ್ಪದೆ ಬಂದರೆ ಸಾಕು.

ನಮ್ಮ ಬದುಕಿನ ಹೆಚ್ಚಿನ ಕೃತಘ್ನತೆ ಹುಟ್ಟುವುದು ಹೀಗೆಯೇ ಅಲ್ಲವೇ? ಮದುವೆಯಾದ ಹೊಸದರಲ್ಲಿ ಹೆಂಡತಿ ತಂದಿಟ್ಟ ಚಹಾ ಉಪಕಾರವಾಗಿರುತ್ತದೆ. ಹತ್ತು ವರ್ಷದ ಬಳಿಕ ಅದು ತಡವಾದರೆ ಅಪರಾಧವಾಗುತ್ತದೆ. ಗಲ್ಫಿನಲ್ಲಿರುವ ಮಗ ಕಳುಹಿಸಿದ ಮೊದಲ ಹಣವನ್ನು ತಾಯಿ ಕಣ್ಣಿಗೊತ್ತಿಕೊಳ್ಳುತ್ತಾಳೆ. ಐದನೆಯ ವರ್ಷ ಅದೇ ಹಣ ಸಾಕಾಗುವುದಿಲ್ಲ. ಯಾರೂ ಕೆಟ್ಟವರಾಗಿ ಬದಲಾದದ್ದಲ್ಲ. ಮೊದಲನೆಯದು ಕೊಡುಗೆ ಎಂದು ಕಂಡ ಕಣ್ಣಿಗೆ ನೂರನೆಯದೂ ಹಾಗೆ ಕಾಣಲಿಲ್ಲ ಅಷ್ಟೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೂಲಿಯವನಿಗೆ ಕೊಡುವ ಸಂಬಳ ಕೊಡುಗೆಯಲ್ಲ, ಅದು ಅವನ ಹಕ್ಕು. ಬೆವರು ಆರುವ ಮೊದಲು ಅದನ್ನು ತೀರಿಸಬೇಕು ಎಂಬ ಪ್ರವಾದಿ(ಸ)ರ ಬೋಧನೆ ನಮಗೆ ತಿಳಿದಿದೆ. ಬಡವನಿಗೆ ಸಲ್ಲಬೇಕಾದುದನ್ನು ದಾನದಂತೆ ಎಸೆದು ಕೃತಜ್ಞತೆ ಕೇಳುವ ಜನ ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನಾವು ಹೇಳುತ್ತಿರುವ ಕೃತಜ್ಞತೆ ಅದಲ್ಲ. ಇದು ಪಡೆದವನು ತಾನಾಗಿ ಸಲ್ಲಿಸಬೇಕಾದದ್ದು, ಕೊಟ್ಟವನು ವಸೂಲಿ ಮಾಡುವಂಥದ್ದಲ್ಲ. ಒಬ್ಬನ ಹಕ್ಕನ್ನು ಕೊಡುಗೆಯೆಂದು ಕೊಡುವುದು ತಪ್ಪು. ಒಂದು ಜೀವದ ಕೊಡುಗೆಯನ್ನು ನಮ್ಮ ಹಕ್ಕೆಂದು ಕಿತ್ತುಕೊಳ್ಳುವುದೂ ಅದೇ ತಪ್ಪಿನ ಇನ್ನೊಂದು ಮುಖ.

"ಇವತ್ತು ಯಾಕೆ ಇಟ್ಟಿಲ್ಲ?" ಎಂಬ ಪ್ರಶ್ನೆಗೆ ಮನುಷ್ಯ ಬಹಳ ದೊಡ್ಡ ಉತ್ತರವನ್ನೇ ಕಟ್ಟಿಕೊಂಡಿದ್ದಾನೆ. ಸಾಕುಕೋಳಿಯ ಮುಖ್ಯ ಮೂಲವಾದ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ ಇಡುತ್ತದೆ. ನಮ್ಮ ಊರಕೋಳಿ ಐವತ್ತರಿಂದ ಎಂಬತ್ತು. ಫಾರಂನ ತಳಿಗಳು ಮುನ್ನೂರು ದಾಟುತ್ತವೆ. ಹಗಲು ಕಡಿಮೆಯಾದರೆ ಇಡುವುದು ಕಡಿಮೆಯಾಗುತ್ತದೆ ಎಂದು ದೀಪ ಹಾಕಿ ದಿನವನ್ನು ಉದ್ದ ಮಾಡುತ್ತಾರೆ. ನಮ್ಮ ದೇಶದ ಹೆಚ್ಚಿನ ಮೊಟ್ಟೆ ಬರುವ ಫಾರಂಗಳಲ್ಲಿ ಕೋಳಿಗಳಿರುವುದು ತಂತಿ ಪಂಜರಗಳಲ್ಲಿ. ಒಂದಕ್ಕೆ ಸಿಗುವ ಜಾಗ ಬರೆಯುವ ಎ-4 ಹಾಳೆಗಿಂತಲೂ ಕಡಿಮೆ. ರೆಕ್ಕೆ ಬಿಚ್ಚಲು, ಮಣ್ಣು ಕೆದಕಲು, ನಮ್ಮ ಕೆಂಪು ಹೇಂಟೆಯಂತೆ ಜಾಗ ಹುಡುಕಲು ಅಲ್ಲಿ ಅವಕಾಶವಿಲ್ಲ. ಮೊಟ್ಟೆಯಿಡುವ ತಳಿಗಳಲ್ಲಿ ಹುಟ್ಟುವ ಹುಂಜದ ಮರಿಗಳಿಂದ ಲಾಭವಿಲ್ಲವಾದ್ದರಿಂದ ಅವುಗಳನ್ನು ಹುಟ್ಟಿದ ದಿನವೇ ಕೊಲ್ಲುವ ಪದ್ಧತಿ ಲೋಕವೆಲ್ಲ ಹಬ್ಬಿದೆ. ಯುರೋಪಿನ ಒಕ್ಕೂಟ 2012ರಿಂದ ಹಳೆಯ ಮಾದರಿಯ ಪಂಜರಗಳನ್ನು ನಿಷೇಧಿಸಿತು. ಜರ್ಮನಿ 2022ರಿಂದ ಹುಂಜಮರಿಗಳ ಹತ್ಯೆಯನ್ನು ನಿಲ್ಲಿಸಿತು. ನಮ್ಮಲ್ಲಿ ಕಾನೂನು ಆಯೋಗ 2017ರ ಜುಲೈಯಲ್ಲಿ ನೀಡಿದ 269ನೇ ವರದಿ ಫಾರಂ ಕೋಳಿಗಳ ಸಾಕಣೆ ಮತ್ತು ಸಾಗಾಟದ ಕುರಿತೇ ಇತ್ತು. ಆ ವರದಿ ಬಂದದ್ದು ಎಷ್ಟು ಜನರಿಗೆ ನೆನಪಿದೆ?

ಆದರೂ ಫಾರಂನವರನ್ನು ಬಯ್ದು ನಾವು ಪುಣ್ಯವಂತರಾಗುವ ಹಾಗಿಲ್ಲ. 2023-24ರಲ್ಲಿ ದೇಶದಲ್ಲಿ ಉತ್ಪಾದನೆಯಾದ ಮೊಟ್ಟೆಗಳು ಸುಮಾರು 14,277 ಕೋಟಿ. ತಲೆಗೆ ವರ್ಷಕ್ಕೆ 103. ಇಷ್ಟನ್ನು ಹಿತ್ತಿಲಿನ ಬುಟ್ಟಿಗಳಿಂದ ತುಂಬಿಸಲಾಗದು. ಕರ್ನಾಟಕದ ಶಾಲೆಗಳ ಬಿಸಿಯೂಟದಲ್ಲಿ 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕ ಭಾಗದಿಂದ ಆರಂಭವಾದ ಮೊಟ್ಟೆ, ಹಲವರ ವಿರೋಧವನ್ನು ದಾಟಿ 2024ರಲ್ಲಿ ವಾರದ ಆರು ದಿನಗಳಿಗೆ ವಿಸ್ತರಿಸಿತು. ಅಪೌಷ್ಟಿಕತೆಯಿಂದ ಬಳಲುವ ಮಗುವಿನ ತಟ್ಟೆಗೆ ಬಿದ್ದ ಆ ಮೊಟ್ಟೆಯನ್ನು ನಾವು ಯಾವ ಬಾಯಿಂದ ಬೇಡ ಎನ್ನುವುದು? ಅದು ಅಗ್ಗವಾಗಿ ಸಿಕ್ಕಿದ್ದರಿಂದಲೇ ಆ ತಟ್ಟೆಯವರೆಗೆ ಬಂತು. ಆದರೆ ಅಗ್ಗವಾದದ್ದರ ಬೆಲೆಯನ್ನು ಯಾರೋ ತೆತ್ತಿರುತ್ತಾರೆ. ಮಗುವಿನ ಹಸಿವು ದೊಡ್ಡದು ಎಂಬುದು ಸತ್ಯ. ಕೋಳಿಗೆ ರೆಕ್ಕೆ ಬಿಚ್ಚುವಷ್ಟು ಜಾಗ ಕೊಡಲಾಗದಷ್ಟು ನಾವು ಬಡವರೇ ಎಂಬ ಪ್ರಶ್ನೆಯೂ ಅಷ್ಟೇ ಸತ್ಯ. ಒಂದು ಸತ್ಯವನ್ನು ಇನ್ನೊಂದರ ಬಾಯಿ ಮುಚ್ಚಿಸಲು ಬಳಸಬಾರದು.

*

ನೆಂಟರು ಬಂದುಹೋದ ಎರಡು ದಿನಗಳಲ್ಲೇ ಕೆಂಪು ಹೇಂಟೆ ಇಡುವುದನ್ನು ನಿಲ್ಲಿಸಿ ಕಾವಿಗೆ ಕುಳಿತಿತು. ಬುಟ್ಟಿಯಲ್ಲಿ ಇದ್ದದ್ದು ಒಂದೇ ಮೊಟ್ಟೆ. ಕೋಳಿ ಜಾಗ ಬದಲಾಯಿಸದಿರಲಿ ಎಂದು ಪೆನ್ಸಿಲ್ ಗುರುತು ಹಾಕಿ ಬಿಟ್ಟಿದ್ದ ಹಳೆಯ ಮೊಟ್ಟೆ ಅದು. ಉಳಿದದ್ದನ್ನೆಲ್ಲ ನಾವು ತಿಂದಾಗಿತ್ತು. ಹತ್ತಿರ ಹೋದರೆ ರೆಕ್ಕೆ ಉಬ್ಬಿಸಿ ಕುಕ್ಕಲು ಬರುತ್ತಿತ್ತು. ಮೇವಿಗೂ ಏಳುತ್ತಿರಲಿಲ್ಲ. ಕಾವು ಬಿಡಿಸಿದರೆ ಬೇಗ ಮತ್ತೆ ಇಡಲು ಶುರು ಮಾಡುತ್ತದೆ, ನಾಲ್ಕು ಸಲ ತಣ್ಣೀರಿನಲ್ಲಿ ಅದ್ದಿ ತೆಗೆಯಿರಿ ಎಂದು ತಿಳಿದವರು ಹೇಳಿದರು. ನಾವು ಬಕೆಟಿನಲ್ಲಿ ನೀರು ಹಿಡಿದದ್ದೂ ಆಯಿತು. ಆಗ ಮಗಳು ಬಂದು ಕೇಳಿದಳು, "ಅದರ ಮೊಟ್ಟೆ ಎಲ್ಲಿ ಅಂತ ಅದಕ್ಕೆ ಗೊತ್ತಾ?"

ಉತ್ತರ ಹೇಳಲಾಗಲಿಲ್ಲ. ಮೊದಲ ದಿನದಿಂದ ನಾವು ಕೋಳಿ ನಮಗೆ ಮೊಟ್ಟೆ ಕೊಟ್ಟಿತು ಎಂದೇ ಹೇಳುತ್ತ ಬಂದಿದ್ದೆವು. ಅದು ನಮಗೆ ಕೊಟ್ಟದ್ದಲ್ಲ. ತನ್ನ ಮರಿಗಾಗಿ ಇಟ್ಟದ್ದನ್ನು ನಾವು ತೆಗೆದುಕೊಂಡದ್ದು. ಅಲ್ಲಾಹನು ಅದನ್ನು ನಮಗೆ ಅನುಮತಿಸಿದ್ದಾನೆ ಎಂಬುದು ಬೇರೆ ಮಾತು. ಅನುಮತಿ ಇದೆ ಎಂದ ಮಾತ್ರಕ್ಕೆ ಕಳೆದುಕೊಂಡವರು ಯಾರೂ ಇಲ್ಲ ಎಂದಾಗುವುದಿಲ್ಲ.

ಇಮಾಮ್ ಬುಖಾರಿಯವರ ಅಲ್ ಅದಬುಲ್ ಮುಫ್ರದ್ ಎಂಬ ಸಂಗ್ರಹದಲ್ಲಿ ಅಬ್ದುಲ್ಲಾ ಬಿನ್ ಮಸ್‌ಊದ್(ರ) ವರದಿ ಮಾಡಿದ ಒಂದು ಘಟನೆಯಿದೆ. ಪ್ರಯಾಣದ ನಡುವೆ ತಂಗಿದ್ದಾಗ ಯಾರೋ ಒಂದು ಹಕ್ಕಿಯ ಮೊಟ್ಟೆಗಳನ್ನು ಎತ್ತಿಕೊಂಡರು. ಹಕ್ಕಿ ಬಂದು ಪ್ರವಾದಿ(ಸ)ರ ತಲೆಯ ಮೇಲೆ ರೆಕ್ಕೆ ಬಡಿಯತೊಡಗಿತು. ಇದನ್ನು ನೋಯಿಸಿದವರು ಯಾರು ಎಂದು ಅವರು ವಿಚಾರಿಸಿದರು. ತೆಗೆದವನು ಒಪ್ಪಿಕೊಂಡ. ಹಕ್ಕಿಯ ಮೇಲೆ ಕರುಣೆಯಿಟ್ಟು ಅವನ್ನು ಮರಳಿಸುವಂತೆ ಪ್ರವಾದಿ(ಸ) ಆದೇಶಿಸಿದರು. ಅಬೂ ದಾವೂದ್‌ನಲ್ಲಿ ಇಂಥದೇ ಘಟನೆ ಮೊಟ್ಟೆಯ ಬದಲು ಮರಿಗಳ ಕುರಿತಾಗಿದೆ. ಅದು ಕಾಡಿನ ಹಕ್ಕಿ, ನಮ್ಮದು ಸಾಕಿದ ಕೋಳಿ. ಈ ಹದೀಸಿನ ಆಧಾರದಲ್ಲಿ ಮೊಟ್ಟೆ ತಿನ್ನಬಾರದು ಎಂದು ಯಾವ ವಿದ್ವಾಂಸರೂ ಹೇಳಿಲ್ಲ, ನಾವೂ ಹೇಳುವುದಿಲ್ಲ. ಪ್ರವಾದಿ(ಸ) ಕೋಳಿಮಾಂಸವನ್ನು ಸೇವಿಸಿದ್ದರು ಎಂಬ ವರದಿಯೂ ಇದೆ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ವಿಷಯ. ಒಂದು ತಂಡದ ನಾಯಕನಾಗಿ ಪ್ರಯಾಣದಲ್ಲಿದ್ದವರು ಒಂದು ಹಕ್ಕಿಯ ರೆಕ್ಕೆಯ ಬಡಿತವನ್ನು ದೂರು ಎಂದು ಕೇಳಿಸಿಕೊಂಡರು. ನಮ್ಮ ಹಿತ್ತಿಲಿನ ದೂರು ನಮಗೆ ಹಠದಂತೆ ಕೇಳಿಸಿತ್ತು.

ಬಕೆಟಿನ ನೀರನ್ನು ಬಾಳೆಯ ಬುಡಕ್ಕೆ ಚೆಲ್ಲಿದೆವು. ಅಷ್ಟರಲ್ಲಿ ಕರಿ ಹೇಂಟೆಯೂ ಇಡಲು ತೊಡಗಿತ್ತು. ಅದರ ಮೊಟ್ಟೆಗಳನ್ನು ಒಂದು ವಾರ ತಿನ್ನದೆ ಕೂಡಿಟ್ಟೆವು. ಕೆಂಪು ಹೇಂಟೆ ಅಷ್ಟೂ ದಿನ ಗುರುತಿನ ಮೊಟ್ಟೆಯ ಮೇಲೆಯೇ ಕುಳಿತಿತ್ತು. ಒಂದು ರಾತ್ರಿ ಉಮ್ಮ ಬಿಸ್ಮಿಲ್ಲಾಹ್ ಎನ್ನುತ್ತ ಆ ಹಳೆಯದನ್ನು ತೆಗೆದು ಐದು ಮೊಟ್ಟೆಗಳನ್ನು ಅದರ ಹೊಟ್ಟೆಯಡಿಗೆ ಒಂದೊಂದಾಗಿ ಸರಿಸಿದರು. ಅದು ಕೊಕ್ಕಿನಿಂದ ಅವನ್ನು ತಿರುಗಿಸಿ ತನಗೆ ಬೇಕಾದ ಹಾಗೆ ಜೋಡಿಸಿಕೊಂಡಿತು. ಇಪ್ಪತ್ತೊಂದನೆಯ ದಿನ ನಾಲ್ಕು ಮರಿಗಳಾದವು. ಮರಿಗಳು ಬಲಿತು ದೂರವಾಗುವವರೆಗೆ, ಸುಮಾರು ಮೂರು ತಿಂಗಳು, ಕೆಂಪು ಹೇಂಟೆ ಒಂದು ಮೊಟ್ಟೆಯನ್ನೂ ಇಡಲಿಲ್ಲ. ಅಷ್ಟೂ ದಿನ ಅದಕ್ಕೆ ನುಚ್ಚು ಬೀಳುತ್ತಲೇ ಇತ್ತು. ಲೆಕ್ಕದಲ್ಲಿ ಅದು ನಷ್ಟ. ಆ ನಷ್ಟವನ್ನು ಒಪ್ಪಿಕೊಳ್ಳುವುದೇ ನಾವು ಮೊದಲ ದಿನ ಹೇಳಿದ ಅಲ್‌ಹಮ್ದುಲಿಲ್ಲಾಹ್‌ಗೆ ತೆರಬೇಕಾದ ಬೆಲೆ ಎಂದು ಈಗ ಅನ್ನಿಸುತ್ತದೆ.

*

ಕೊನೆಯದಾಗಿ ಒಂದು ಪ್ರಶ್ನೆಯಿದೆ, ಅದನ್ನು ಮರೆಸಿ ಈ ಲೇಖನ ಮುಗಿಸಿದರೆ ಪ್ರಾಮಾಣಿಕವಾಗುವುದಿಲ್ಲ. ಇನ್ನು ಕೆಲವು ವರ್ಷಗಳಲ್ಲಿ ಕೆಂಪು ಹೇಂಟೆ ಇಡುವುದನ್ನು ಪೂರ್ತಿ ನಿಲ್ಲಿಸುತ್ತದೆ. ಆಗ ಏನು? ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ನಮ್ಮ ನಾಡಿನದೇ. ಬಲವಿಲ್ಲದವರ ಕುರಿತ ತೀರ್ಮಾನಗಳನ್ನು ಅವರನ್ನು ಕೇಳದೆಯೇ ಮಾಡುತ್ತೇವೆ ಎಂಬ ಕಹಿ ಸತ್ಯ ಅದರಲ್ಲಿದೆ. ನಾವು ಮಾಂಸ ತಿನ್ನುವವರು. ಊರಕೋಳಿಯ ಸಾರು, ಅಕ್ಕಿರೊಟ್ಟಿ ನಮ್ಮ ಮನೆಯಲ್ಲೂ ಆಗುತ್ತದೆ. ಅದನ್ನು ಬಚ್ಚಿಟ್ಟು ಕರುಣೆಯ ಮಾತಾಡುವುದು ಸಲ್ಲದು.

ಆದರೆ ಧರ್ಮ ನಮಗೆ ಕೊಟ್ಟದ್ದು ಬರೇ ಅನುಮತಿಯಲ್ಲ, ಕ್ರಮವನ್ನೂ ಕೊಟ್ಟಿದೆ. ಸೃಷ್ಟಿಕರ್ತನ ಹೆಸರು ಹೇಳದೆ ಒಂದು ಜೀವದ ಮೇಲೆ ಕೈ ಮಾಡುವಂತಿಲ್ಲ. ಚೂರಿ ಹರಿತವಾಗಿರಬೇಕು, ಪ್ರಾಣಿಗೆ ನೆಮ್ಮದಿ ಕೊಡಬೇಕು ಎಂದು ಪ್ರವಾದಿ(ಸ) ಕಲಿಸಿದರು. ಇವೆಲ್ಲದರ ಹಿಂದಿರುವ ಮಾತು ಒಂದೇ, ಈ ಜೀವ ನಿನ್ನದಲ್ಲ. ನಿನ್ನ ಬಳಿ ಇರುವುದು ಅಮಾನತ್ತಾಗಿ. ಹಾಗಿರುವಾಗ ನಾಲ್ಕು ವರ್ಷ ನಮಗೆ ಮೊಟ್ಟೆಯಿತ್ತ ಹೇಂಟೆಯನ್ನು ಕೊಯ್ದರೆ ತಪ್ಪೇ? ತಪ್ಪಲ್ಲ ಎಂದು ಕಾನೂನು ಹೇಳುತ್ತದೆ. ಬಿಟ್ಟುಬಿಟ್ಟರೆ ಒಳ್ಳೆಯದೇ? ಒಳ್ಳೆಯದು ಎಂದು ಮನಸ್ಸು ಹೇಳುತ್ತದೆ. ಈ ಎರಡರ ನಡುವೆ ನಿಂತು ನಿರ್ಧರಿಸುವುದು ಪ್ರತಿಯೊಬ್ಬರ ಹೊಣೆ. ಕೋಳಿಯನ್ನೇ ನಂಬಿ ಬದುಕುವ ಬಡ ಹೆಂಗಸಿಗೆ ನಾವು ಈ ವಿಷಯದಲ್ಲಿ ಉಪದೇಶ ಹೇಳಲಾರೆವು. ನಮ್ಮ ಮಟ್ಟಿಗೆ ಕೆಂಪು ಹೇಂಟೆ ಇಡಲಿ ಬಿಡಲಿ, ಆಯುಷ್ಯ ಇರುವವರೆಗೆ ಹಿತ್ತಿಲಲ್ಲಿರಲಿ ಎಂದು ಉಮ್ಮ ತೀರ್ಮಾನಿಸಿದ್ದಾರೆ. ಮನೆಯಲ್ಲಿ ಈಗ ದುಡಿಯದೆ ಕುಳಿತು ಉಣ್ಣುವುದು ತಾವೊಬ್ಬರೇ ಅಲ್ಲವಲ್ಲ ಎಂದು ನಗುತ್ತ ಅಂದರು. ನಮಗೆ ಮಾತ್ರ ನಗು ಬರಲಿಲ್ಲ.

ಈಗ ಕೆಂಪು ಹೇಂಟೆ ಗರಿ ಉದುರಿಸುತ್ತಿದೆ. ಹೊಸ ಗರಿ ಬರುವವರೆಗೆ ಅದು ಇಡುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ಮಗಳು ಬೆಳಗ್ಗೆ ಮದರಸಾದಿಂದ ಬಂದವಳೇ ಸೌದೆ ಕೊಟ್ಟಿಗೆಗೆ ಹೋಗಿ ಬುಟ್ಟಿಯಲ್ಲಿ ಕೈಯಾಡಿಸಿ ನೋಡುತ್ತಾಳೆ. "ಇಲ್ಲ" ಎಂದು ಅಲ್ಲಿಂದಲೇ ಕೂಗಿ ಹೇಳುತ್ತಾಳೆ. ಆಮೇಲೆ ಡಬ್ಬದಿಂದ ಒಂದು ಹಿಡಿ ನುಚ್ಚು ತೆಗೆದು ಅಂಗಳಕ್ಕೆ ಎಸೆಯುತ್ತಾಳೆ.